ಕಿರು ಆನ್‌ಲೈನ್ ಕೋರ್ಸ್‌ನಿಂದ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಕಲಿಯುವುದು: ಯಾವುದು ಮೊದಲು, ಯಾವುದು ಆಮೇಲೆ

ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಕೋರ್ಸ್ ಮುಗಿಸಿದವರು ಮತ್ತೆ ಮತ್ತೆ ಹೇಳುವ ಮಾತು ಒಂದೇ. ವಿಡಿಯೊ ಎಲ್ಲ ನೋಡಿದೆ, ಕ್ವಿಜ್‌ನಲ್ಲಿ ಒಳ್ಳೆ ಅಂಕ ಬಂತು, ಸರ್ಟಿಫಿಕೇಟೂ ಬಂತು, ಆದರೆ 'ಈ ಕೆಲಸಕ್ಕೆ ಒಂದು ಪ್ಲಾನ್ ಮಾಡಿ ಕೊಡಿ' ಅಂದಾಗ ಎಲ್ಲಿಂದ ಶುರು ಮಾಡಬೇಕು ಅಂತಲೇ ತೋಚಲಿಲ್ಲ. ಎರಡನೇ ಕೋರ್ಸ್ ಸೇರಿದವರೂ ಇದನ್ನೇ ಹೇಳುತ್ತಾರೆ.

ನನ್ನ ಪ್ರಕಾರ ಇಲ್ಲಿ ತಪ್ಪುವುದು ಕ್ರಮ. ಎಲ್ಲರೂ ಮೊದಲು ಕೋರ್ಸ್ ಹುಡುಕುತ್ತಾರೆ, ಆಮೇಲೆ ವಿಡಿಯೊ ನೋಡುತ್ತಾರೆ, ಎಲ್ಲ ಮುಗಿದ ಮೇಲೆ ಯಾವುದಾದರೂ ಪ್ರಾಜೆಕ್ಟ್ ಸಿಕ್ಕರೆ ಮಾಡಿ ನೋಡೋಣ ಅಂತ ಕಾಯುತ್ತಾರೆ. ಅಷ್ಟರಲ್ಲಿ ಕಲಿತದ್ದು ಅರ್ಧ ಮರೆತಿರುತ್ತದೆ. ಇಲ್ಲಿ ಅದನ್ನು ತಿರುಗಿಸಿದ್ದೇನೆ. ಮೊದಲು ಪ್ರಾಜೆಕ್ಟ್, ಆಮೇಲೆ ಕೋರ್ಸ್, ಪ್ರತಿ ಪಾಠ ಮುಗಿದ ಕೂಡಲೇ ಆ ಪ್ರಾಜೆಕ್ಟ್‌ಗೆ ಬೇಕಾದ ಒಂದು ಕಾಗದ, ಅಂದರೆ ಪ್ಲಾನ್, ಪಟ್ಟಿ, ವರದಿ ಇಂಥದ್ದು. ಮೊದಲ ಸಲ ಮಾಡುವವರು ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ.

## ಕೈಯಲ್ಲಿ ಏನೇನು ಇರಬೇಕು

ಒಂದು ಸ್ಪ್ರೆಡ್‌ಶೀಟ್ ಸಾಕು. ಗೂಗಲ್ ಶೀಟ್ಸ್ ಆಗಬಹುದು, ಎಕ್ಸೆಲ್ ಆಗಬಹುದು, ಲಿಬ್ರೆಆಫೀಸ್ ಕ್ಯಾಲ್ಕ್ ಆಗಬಹುದು. ಜೊತೆಗೆ ಅಂಟುಚೀಟಿಗಳ ಒಂದು ಕಟ್ಟು ಮತ್ತು ದೊಡ್ಡ ಖಾಲಿ ಗೋಡೆ ಅಥವಾ ಮೇಜು. ಗ್ಯಾಂಟ್ ಚಾರ್ಟ್ (ಯಾವ ಕೆಲಸ ಯಾವಾಗ ಅಂತ ಬಾರ್‌ಗಳಲ್ಲಿ ತೋರಿಸುವ ಚಾರ್ಟ್) ಬೇಕೇ ಬೇಕು ಅನ್ನುವವರಿಗೆ ಗ್ಯಾಂಟ್‌ಪ್ರಾಜೆಕ್ಟ್ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ಕೆಲಸಗಳ ಚೀಟಿ ಅಂಟಿಸುವ ಬೋರ್ಡ್ ಕಂಪ್ಯೂಟರ್‌ನಲ್ಲೇ ಬೇಕಿದ್ದರೆ ಟ್ರೆಲ್ಲೊ ಅನ್ನುವ ತಾಣ ಸಾಕಾಗುತ್ತದೆ.

ಜಿರಾ, ಮೈಕ್ರೊಸಾಫ್ಟ್ ಪ್ರಾಜೆಕ್ಟ್ ಇಂಥ ದೊಡ್ಡ ಸಾಫ್ಟ್‌ವೇರ್‌ಗಳನ್ನು ಈಗ ಮುಟ್ಟಬೇಡಿ. ಅವು ಕೆಟ್ಟವು ಅಂತಲ್ಲ. ಮೊದಲ ಎರಡು ವಾರ ಟೂಲ್‌ನ ಸೆಟ್ಟಿಂಗ್ಸ್ ಕಲಿಯುವುದರಲ್ಲೇ ಹೋಗುತ್ತದೆ, ಬಣ್ಣಬಣ್ಣದ ಚಾರ್ಟ್ ತಯಾರಾಗುತ್ತದೆ, ಅದರ ಒಳಗಿನ ದಿನಾಂಕಗಳು ಮಾತ್ರ ಬಾಯಿಗೆ ಬಂದ ಹಾಗೆ ಹಾಕಿದ್ದಾಗಿರುತ್ತವೆ.

## 1. ಮೊದಲು ಒಂದು ನಿಜವಾದ ಪ್ರಾಜೆಕ್ಟ್ ಹಿಡಿಯಿರಿ

ಕೋರ್ಸ್‌ಗೆ ಹೆಸರು ಕೊಡುವ ಮೊದಲೇ ಇದು ಆಗಬೇಕು. ಪ್ರಾಜೆಕ್ಟ್ ಚಿಕ್ಕದಾಗಿರಲಿ, ಆದರೆ ನಿಜದ್ದಾಗಿರಲಿ. ನಾಲ್ಕರಿಂದ ಆರು ವಾರದಲ್ಲಿ ಮುಗಿಯಬೇಕು. ನಿಮ್ಮನ್ನು ಬಿಟ್ಟು ಕನಿಷ್ಠ ಇಬ್ಬರಾದರೂ ಅದರಲ್ಲಿ ಕೆಲಸ ಮಾಡಬೇಕು, ಯಾಕಂದರೆ ಒಬ್ಬರೇ ಮಾಡುವ ಕೆಲಸದಲ್ಲಿ ಇನ್ನೊಬ್ಬರಿಂದ ಉತ್ತರ ಬರಲಿ ಅಂತ ಕಾಯುವ ಸಂದರ್ಭವೇ ಬರುವುದಿಲ್ಲ, ಮತ್ತು ಈ ಕೆಲಸದ ಅರ್ಧ ಕಷ್ಟ ಇರುವುದೇ ಅಲ್ಲಿ. ಕೊನೆಗೆ 'ಇದು ನನಗೆ ಬೇಕಾದ ಹಾಗೆ ಆಯ್ತು' ಅಥವಾ 'ಆಗಲಿಲ್ಲ' ಅಂತ ಹೇಳುವ ಒಬ್ಬ ವ್ಯಕ್ತಿ ಇರಬೇಕು.

ಪುಸ್ತಕ ಓದುವುದು, ತೂಕ ಇಳಿಸುವುದು ಇಂಥವನ್ನು ಪ್ರಾಜೆಕ್ಟ್ ಅಂತ ಹಿಡಿಯಬೇಡಿ. ಅವು ಅಭ್ಯಾಸಗಳು. ಪ್ರಾಜೆಕ್ಟ್‌ಗೆ ಶುರು ಇದೆ, ಕೊನೆ ಇದೆ, ಕೊನೆಯಲ್ಲಿ ಕೈಗೆ ಸಿಗುವ ಏನೋ ಒಂದು ಇದೆ.

ಈ ಮಾರ್ಗದರ್ಶಿ ಪೂರ್ತಿ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಒಂದು ಆಫೀಸಿನಲ್ಲಿ 600 ಹಳೇ ಕಾಗದದ ಫೈಲ್ ಇವೆ. ಅವನ್ನೆಲ್ಲ ಸ್ಕ್ಯಾನ್ ಮಾಡಿ, ಬೇಕಾದಾಗ ಹುಡುಕಿದರೆ ಸಿಗುವ ಹಾಗೆ ಕಂಪ್ಯೂಟರಿಗೆ ಹಾಕಬೇಕು. ಇಷ್ಟೇ ಕೆಲಸ. ನಿಮ್ಮದು ಬೇರೆ ಇರಬಹುದು, ಹಂತಗಳು ಇವೇ.

## 2. ಕೋರ್ಸ್ ಆರಿಸುವಾಗ ಅಸೈನ್‌ಮೆಂಟ್ ನೋಡಿ, ಸ್ಟಾರ್ ಅಲ್ಲ

ಕೋರ್ಸೆರಾ, ಎಡ್‌ಎಕ್ಸ್, ಓಪನ್ ಯೂನಿವರ್ಸಿಟಿಯ ಓಪನ್‌ಲರ್ನ್, ಹೀಗೆ ತಾಣಗಳಿಗೆ ಕೊರತೆ ಇಲ್ಲ. ಜನ ಸ್ಟಾರ್ ರೇಟಿಂಗ್ ನೋಡಿ ಸೇರುತ್ತಾರೆ. ಪಾಠ ಮಾಡುವವರು ಚೆನ್ನಾಗಿ ಮಾತಾಡುತ್ತಾರಾ ಅನ್ನುವುದು ರೇಟಿಂಗ್‌ನಿಂದ ಗೊತ್ತಾಗಬಹುದು. ಕೋರ್ಸ್ ನಿಮ್ಮ ಕೈಯಲ್ಲಿ ಏನು ಮಾಡಿಸುತ್ತದೆ ಅನ್ನುವುದು ಗೊತ್ತಾಗುವುದಿಲ್ಲ.

ಸಿಲಬಸ್ ತೆಗೆದು ನೋಡಿ. 'ಪರಿಚಯ', 'ಅರ್ಥ ಮಾಡಿಕೊಳ್ಳುವುದು', 'ಮಹತ್ವ' ಇಂಥ ಪದಗಳೇ ಜಾಸ್ತಿ ಇದ್ದರೆ ಅದು ಕೇಳುವ ಕೋರ್ಸ್. 'ಬರೆಯಿರಿ', 'ಅಂದಾಜು ಹಾಕಿ', 'ತಯಾರಿಸಿ' ಅಂತ ಇದ್ದರೆ ಮಾಡುವ ಕೋರ್ಸ್. ನಿಮಗೆ ಎರಡನೆಯದು ಬೇಕು. ಕಡೇಪಕ್ಷ ಈ ಐದು ವಿಷಯಗಳು ಅದರಲ್ಲಿ ಇರಲೇಬೇಕು: ಪ್ರಾಜೆಕ್ಟ್ ಚಾರ್ಟರ್ (ಉದ್ದೇಶ, ಮಿತಿ ಬರೆದ ಕಾಗದ), ಕೆಲಸ ಒಡೆಯುವುದು ಅಂದರೆ ಡಬ್ಲ್ಯೂಬಿಎಸ್, ವೇಳಾಪಟ್ಟಿ ಮತ್ತು ಕ್ರಿಟಿಕಲ್ ಪಾತ್ (ಒಂದರ ಹಿಂದೆ ಒಂದು ಬರುವ ಕೆಲಸಗಳ ಅತಿ ಉದ್ದದ ಸಾಲು), ರಿಸ್ಕ್ ರಿಜಿಸ್ಟರ್ (ಏನೇನು ಕೈಕೊಡಬಹುದು ಅನ್ನುವ ಪಟ್ಟಿ), ಪ್ರಗತಿಯ ವರದಿ. ಇವೆಲ್ಲ ಮುಂದಿನ ಹಂತಗಳಲ್ಲಿ ಬರುತ್ತವೆ. ಸ್ಕ್ರಮ್ (ಚಿಕ್ಕ ಚಿಕ್ಕ ಸುತ್ತುಗಳಲ್ಲಿ ಕೆಲಸ ಮಾಡುವ ಪದ್ಧತಿ) ಮತ್ತು ಕಾನ್‌ಬಾನ್ (ಬೋರ್ಡ್ ಮೇಲೆ ಚೀಟಿ ಸರಿಸುತ್ತಾ ಕೆಲಸ ನಡೆಸುವ ಪದ್ಧತಿ) ಬಗ್ಗೆ ಒಂದು ಪಾಠ ಇದ್ದರೆ ಒಳ್ಳೆಯದು.

ಅಸೈನ್‌ಮೆಂಟ್ ಸೇರಿ ಅವಧಿ 20ರಿಂದ 40 ಗಂಟೆ ಒಳಗೆ ಇರಲಿ. ಎರಡು ಮೂರು ಗಂಟೆಯ ಕೋರ್ಸ್‌ನಲ್ಲಿ ಪದಗಳ ಪರಿಚಯ ಆಗುತ್ತದೆ, ಅಷ್ಟೇ.

ಇನ್ನೊಂದು ವಿಷಯ ಸೇರುವ ಮೊದಲೇ ನೋಡಿಕೊಳ್ಳಿ. ಎಷ್ಟೋ ಕಡೆ ವಿಡಿಯೊ ಉಚಿತ ಇರುತ್ತದೆ, ಅಸೈನ್‌ಮೆಂಟ್ ತಿದ್ದಿಸಿಕೊಳ್ಳಲು ಮತ್ತು ಸರ್ಟಿಫಿಕೇಟಿಗೆ ದುಡ್ಡು ಕೊಡಬೇಕು. ದುಡ್ಡು ಕೊಡುವುದಾದರೆ ತಿದ್ದುವವರು ಯಾರು ಅಂತ ಕೇಳಿ. ಜೊತೆಗೆ ಕಲಿಯುವವರೇ ಒಬ್ಬರದ್ದನ್ನೊಬ್ಬರು ತಿದ್ದುವ ಪದ್ಧತಿ ಇದ್ದರೆ ಅಭಿಪ್ರಾಯ ಒಂದು ಸಾಲಿನಲ್ಲಿ ಮುಗಿಯುವ ಸಾಧ್ಯತೆ ಜಾಸ್ತಿ. ಅದಕ್ಕಿಂತ ಈ ಕೆಲಸ ಮಾಡಿ ಗೊತ್ತಿರುವ ಒಬ್ಬ ಪರಿಚಿತರಿಗೆ ನಿಮ್ಮ ಕಾಗದ ತೋರಿಸಿದರೆ ಪ್ರಯೋಜನ ಹೆಚ್ಚು.

## 3. ಕ್ಯಾಲೆಂಡರ್‌ನಲ್ಲಿ ಜಾಗ ಹಿಡಿಯಿರಿ

ವಾರಕ್ಕೆ ಆರು ಗಂಟೆ ಇಟ್ಟುಕೊಳ್ಳಿ. ಅದರಲ್ಲಿ ಪಾಠ ನೋಡುವುದಕ್ಕೆ ಎರಡು ಗಂಟೆ, ಕಲಿತದ್ದನ್ನು ನಿಮ್ಮ ಪ್ರಾಜೆಕ್ಟ್ ಮೇಲೆ ಮಾಡುವುದಕ್ಕೆ ನಾಲ್ಕು ಗಂಟೆ. ಈ ಪಾಲು ಉಲ್ಟಾ ಆಗಬಾರದು. 'ಟೈಮ್ ಸಿಕ್ಕಾಗ ಮಾಡುತ್ತೇನೆ' ಅಂದುಕೊಂಡರೆ ಟೈಮ್ ಸಿಗುವುದಿಲ್ಲ, ಆದ್ದರಿಂದ ದಿನ ಮತ್ತು ಗಂಟೆ ಬರೆದಿಡಿ.

ಹಳಿ ತಪ್ಪುತ್ತಿದೆ ಅಂತ ತಿಳಿಯುವುದಕ್ಕೆ ಮೂರು ಲಕ್ಷಣಗಳಿವೆ. ವಿಡಿಯೊವನ್ನು ಎರಡು ಪಟ್ಟು ವೇಗದಲ್ಲಿ ಓಡಿಸುತ್ತಿದ್ದೀರಿ. ಪಾಠ ನಾಲ್ಕರಲ್ಲಿದ್ದೀರಿ, ಆದರೆ ಪಾಠ ಎರಡರ ಕಾಗದ ಇನ್ನೂ ಖಾಲಿ ಇದೆ. ಕ್ವಿಜ್‌ನಲ್ಲಿ ತಪ್ಪಾದ ಉತ್ತರವನ್ನು ಬದಲಾಯಿಸಿ ಬದಲಾಯಿಸಿ ಸರಿ ಮಾಡಿಕೊಳ್ಳುತ್ತಿದ್ದೀರಿ. ಇವುಗಳಲ್ಲಿ ಒಂದು ಕಂಡರೂ ಮುಂದಿನ ವಿಡಿಯೊ ನಿಲ್ಲಿಸಿ, ಹಿಂದಿನ ಕಾಗದ ಮುಗಿಸಿ. ಕೋರ್ಸ್ ಒಂದು ವಾರ ತಡವಾದರೆ ಏನೂ ಆಗುವುದಿಲ್ಲ.

## 4. ಒಂದು ಪುಟದ ಚಾರ್ಟರ್ ಬರೆಯಿರಿ

ಚಾರ್ಟರ್ ಅಂದರೆ ಯಾಕೆ, ಏನು, ಯಾವಾಗ, ಯಾರು ಅನ್ನುವುದಕ್ಕೆ ಒಂದೇ ಪುಟದ ಉತ್ತರ. ಕೋರ್ಸ್‌ನಲ್ಲಿ ಕೊಡುವ ಟೆಂಪ್ಲೇಟ್ ಎಂಟು ಹತ್ತು ಪುಟ ಇರಬಹುದು. ಅದರಿಂದ ನಿಮಗೆ ಬೇಕಾದದ್ದು ಇಷ್ಟು: ಉದ್ದೇಶ, ಕೊನೆಗೆ ಕೊಡುವ ವಸ್ತು, ಸ್ಕೋಪ್‌ನ (ಪ್ರಾಜೆಕ್ಟ್‌ನ ಮಿತಿಯ) ಒಳಗೆ ಏನು, ಹೊರಗೆ ಏನು, ಮುಗಿಯುವ ದಿನಾಂಕ, ಒಪ್ಪಿಗೆ ಕೊಡುವವರು.

ಜನ ಎಡವುವುದು 'ಹೊರಗೆ ಏನು' ಅನ್ನುವ ಕಡೆ. ಅದನ್ನು ಖಾಲಿ ಬಿಡುತ್ತಾರೆ, ಅಥವಾ 'ಉಳಿದದ್ದೆಲ್ಲ' ಅಂತ ಬರೆಯುತ್ತಾರೆ. ನಮ್ಮ ಉದಾಹರಣೆಯಲ್ಲಿ ಹೀಗೆ ಬರೆಯಬೇಕು: 'ಫೋಟೊ ಆಲ್ಬಂಗಳು, ನಕ್ಷೆಗಳು ಇದರಲ್ಲಿ ಸೇರಿಲ್ಲ. ಸ್ಕ್ಯಾನ್ ಆದ ಮೂಲ ಕಾಗದಗಳನ್ನು ಏನು ಮಾಡಬೇಕು ಅನ್ನುವುದು ಈ ಪ್ರಾಜೆಕ್ಟ್‌ನ ತೀರ್ಮಾನ ಅಲ್ಲ.' ಈ ಎರಡು ಸಾಲು ಇಲ್ಲದಿದ್ದರೆ ಮೂರನೇ ವಾರದಲ್ಲಿ ಯಾರೋ ಒಂದು ಪೆಟ್ಟಿಗೆ ಫೋಟೊ ತಂದು ನಿಮ್ಮ ಮೇಜಿನ ಮೇಲೆ ಇಡುತ್ತಾರೆ, ಆಗ ಇದು ಸೇರಿಲ್ಲ ಅಂತ ಹೇಳುವುದಕ್ಕೆ ನಿಮ್ಮ ಹತ್ತಿರ ಏನೂ ಇರುವುದಿಲ್ಲ.

ಉದ್ದೇಶ ಬರೆಯುವಾಗ ಅಳೆಯುವ ಹಾಗೆ ಬರೆಯಿರಿ. 'ದಾಖಲೆ ನಿರ್ವಹಣೆ ಸುಧಾರಿಸುವುದು' ಅಂದರೆ ಯಾರಿಗೂ ಏನೂ ಗೊತ್ತಾಗಲ್ಲ. 'ಯಾವ ಫೈಲ್ ಕೇಳಿದರೂ ಎರಡು ನಿಮಿಷದ ಒಳಗೆ ಪರದೆ ಮೇಲೆ ಸಿಗಬೇಕು' ಅಂದರೆ ಮುಗಿದ ದಿನ ಪರೀಕ್ಷೆ ಮಾಡಬಹುದು, ಅಲ್ವಾ?

ಬರೆದಾದ ಮೇಲೆ ಒಪ್ಪಿಗೆ ಕೊಡುವವರಿಗೆ ತೋರಿಸಿ. ಅವರು ಓದಿ ಒಂದಾದರೂ ಬದಲಾವಣೆ ಹೇಳಬೇಕು. ಏನೂ ಹೇಳದೆ 'ಸರಿ, ಸರಿ' ಅಂದರೆ ಓದಿಲ್ಲ ಅಂತ ತಿಳಿಯಿರಿ. ಆಗ ಎದುರು ಕೂತು 'ಹೊರಗೆ ಏನು' ಅನ್ನುವ ಭಾಗವನ್ನು ನೀವೇ ಓದಿ ಹೇಳಿ.

## 5. ಕೆಲಸವನ್ನು ಒಡೆಯಿರಿ

ಇದೇ ಡಬ್ಲ್ಯೂಬಿಎಸ್. ದೊಡ್ಡ ಕೆಲಸವನ್ನು ಭಾಗ ಮಾಡಿ, ಆ ಭಾಗಗಳನ್ನು ಮತ್ತೆ ಭಾಗ ಮಾಡಿ, ಒಬ್ಬರ ಕೈಗೆ ಕೊಡಬಹುದಾದಷ್ಟು ಚಿಕ್ಕದಾಗುವವರೆಗೆ ಹೋಗುವುದು. ಎಲ್ಲಿ ನಿಲ್ಲಿಸಬೇಕು ಅನ್ನುವುದಕ್ಕೆ ಬಳಕೆಯಲ್ಲಿರುವ ಒಂದು ಲೆಕ್ಕ ಇದೆ: ಒಂದು ತುಂಡು 8 ಗಂಟೆಗಿಂತ ಕಡಿಮೆ ಇರಬಾರದು, 80 ಗಂಟೆ ದಾಟಬಾರದು. ಚಿಕ್ಕ ಪ್ರಾಜೆಕ್ಟ್‌ಗಳಲ್ಲಿ ಇದನ್ನು ಸ್ವಲ್ಪ ಸಡಿಲ ಮಾಡಿದರೂ ನಡೆಯುತ್ತದೆ.

ಇದಕ್ಕೆ ಕಂಪ್ಯೂಟರ್ ಬೇಡ. ಒಂದೊಂದು ಕೆಲಸಕ್ಕೆ ಒಂದೊಂದು ಚೀಟಿ ಬರೆದು ಗೋಡೆಗೆ ಅಂಟಿಸಿ. ಪ್ರಾಜೆಕ್ಟ್‌ನಲ್ಲಿರುವ ಎಲ್ಲರನ್ನೂ ಕರೆದು ಒಟ್ಟಿಗೆ ಮಾಡಿ, ಯಾಕಂದರೆ ಒಬ್ಬರೇ ಕೂತು ಬರೆದ ಪಟ್ಟಿಯಲ್ಲಿ ಅವರಿಗೆ ಗೊತ್ತಿರುವ ಕೆಲಸಗಳು ಮಾತ್ರ ಇರುತ್ತವೆ. ಸ್ಕ್ಯಾನ್ ಮಾಡುವವರು ಬಂದು ಗೋಡೆ ನೋಡಿ, 'ಪಿನ್ ತೆಗೆಯೋದು, ಮಡಿಸಿದ ಹಾಳೆ ಬಿಡಿಸೋದು ಎಲ್ಲಿ ಬರೆದಿದ್ದೀರಿ?' ಅಂತ ಕೇಳುತ್ತಾರೆ. ಅದು ಚಿಕ್ಕ ಕೆಲಸ ಅನ್ನಿಸುತ್ತದೆ, ಆದರೆ 600 ಫೈಲ್‌ಗೆ ಅದು ದಿನಗಟ್ಟಲೆ ಆಗುತ್ತದೆ.

ಪಟ್ಟಿ ಮುಗಿದ ಮೇಲೆ ಒಂದು ಪ್ರಶ್ನೆ ಕೇಳಿಕೊಳ್ಳಿ. ಈ ಚೀಟಿಗಳಲ್ಲಿ ಇರುವುದೆಲ್ಲ ಮುಗಿದರೆ ಪ್ರಾಜೆಕ್ಟ್ ಮುಗಿದ ಹಾಗೇನಾ? ಇಲ್ಲ ಅನ್ನಿಸಿದರೆ ಏನೋ ಬಿಟ್ಟುಹೋಗಿದೆ. ಸಾಮಾನ್ಯವಾಗಿ ಬಿಟ್ಟುಹೋಗುವವು ಇವು: ತಪಾಸಣೆ, ಒಪ್ಪಿಗೆಗೆ ಕಾಯುವ ಸಮಯ, ಬಳಸುವವರಿಗೆ ಹೇಳಿಕೊಡುವುದು, ತಪ್ಪಾದದ್ದನ್ನು ಮತ್ತೆ ಮಾಡುವುದು.

ಪ್ರತಿ ಚೀಟಿ ಮೇಲೆ ಒಂದೇ ಹೆಸರು ಇರಬೇಕು. ಸಹಾಯ ಎಷ್ಟು ಜನ ಬೇಕಾದರೂ ಮಾಡಲಿ, ಆದರೆ 'ಇದು ಆಯ್ತಾ?' ಅಂತ ಕೇಳಿದಾಗ ಉತ್ತರ ಕೊಡುವವರು ಒಬ್ಬರೇ. ಎರಡು ಹೆಸರು ಬರೆದ ಚೀಟಿಯನ್ನು ಇಬ್ಬರೂ ಇನ್ನೊಬ್ಬರು ನೋಡಿಕೊಳ್ಳುತ್ತಾರೆ ಅಂದುಕೊಂಡು ಬಿಡುತ್ತಾರೆ.

## 6. ಅಂದಾಜು ಹಾಕುವಾಗ ಮೂರು ಅಂಕಿ ಕೇಳಿ

'ಎಷ್ಟು ದಿನ ಬೇಕು?' ಅಂತ ಕೇಳಿದರೆ ಜನ ಎಲ್ಲ ಸರಿಯಾಗಿ ನಡೆದರೆ ಎಷ್ಟು ದಿನ ಅನ್ನುವುದನ್ನೇ ಹೇಳುತ್ತಾರೆ. ಸುಳ್ಳು ಹೇಳಬೇಕು ಅಂತಲ್ಲ, ಮನಸ್ಸಿಗೆ ಮೊದಲು ಬರುವುದೇ ಅದು. ಅದಕ್ಕೆ ಮೂರು ಅಂಕಿ ಕೇಳಿ: ಎಲ್ಲ ಚೆನ್ನಾಗಿ ನಡೆದರೆ ಎಷ್ಟು, ಮಾಮೂಲಿ ಎಷ್ಟು, ಎಲ್ಲ ಕೈಕೊಟ್ಟರೆ ಎಷ್ಟು.

ಸ್ಕ್ಯಾನ್ ಮಾಡುವ ಕೆಲಸಕ್ಕೆ ಉತ್ತರ ಹೀಗೆ ಬಂತು ಅಂತ ಇಟ್ಟುಕೊಳ್ಳಿ: 6 ದಿನ, 9 ದಿನ, 18 ದಿನ. ಮಧ್ಯದ ಅಂಕಿಯನ್ನು ನಾಲ್ಕರಿಂದ ಗುಣಿಸಿ, ಉಳಿದೆರಡನ್ನು ಕೂಡಿಸಿ, ಆರರಿಂದ ಭಾಗಿಸಿ. 6 + 36 + 18 = 60, ಆರರಿಂದ ಭಾಗಿಸಿದರೆ 10 ದಿನ. ಇದನ್ನು ಪರ್ಟ್ ಅಂದಾಜು ಅನ್ನುತ್ತಾರೆ. ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದು ಆರರಿಂದ ಭಾಗಿಸಿದರೆ ಎಷ್ಟು ಹೆಚ್ಚುಕಡಿಮೆ ಆಗಬಹುದು ಅಂತ ಸಿಗುತ್ತದೆ. ಇಲ್ಲಿ ಅದು 2 ದಿನ. ಅಂದರೆ '10 ದಿನ, ಎರಡು ದಿನ ಆಚೀಚೆ' ಅಂತ ಹೇಳಬಹುದು.

ಲೆಕ್ಕಕ್ಕಿಂತ ಮುಖ್ಯವಾದದ್ದು ಆ ಮೂರನೇ ಅಂಕಿಯ ಹಿಂದಿನ ಕಾರಣ. 18 ದಿನ ಯಾಕೆ ಅಂತ ಕೇಳಿ. 'ಸ್ಕ್ಯಾನರ್ ಒಂದೇ ಇದೆ, ಕೆಟ್ಟರೆ ರಿಪೇರಿಗೆ ವಾರ ಬೇಕು' ಅಂತ ಉತ್ತರ ಬಂದರೆ ಅದನ್ನು ಅಲ್ಲೇ ಬರೆದುಕೊಳ್ಳಿ, ಎಂಟನೇ ಹಂತದಲ್ಲಿ ಬೇಕಾಗುತ್ತದೆ.

ಒಂದು ಎಚ್ಚರಿಕೆ. ಎಲ್ಲ ಕೆಲಸಗಳ ಮೂರು ಅಂಕಿಗಳೂ ಹತ್ತಿರ ಹತ್ತಿರ ಇದ್ದರೆ, 4, 5, 6 ಅನ್ನುವ ಹಾಗೆ, ಯಾರೂ ಯೋಚನೆ ಮಾಡಿ ಹೇಳಿಲ್ಲ ಅಂತ ಅರ್ಥ. ಮತ್ತೆ ಕೇಳಿ. ಹಾಗೇ, ಪ್ರತಿ ಕೆಲಸಕ್ಕೂ ಗುಟ್ಟಾಗಿ ಎರಡು ದಿನ ಸೇರಿಸುವುದು ಬೇಡ. ಕೈಯಲ್ಲಿ ಸಮಯ ಇದೆ ಅಂದರೆ ಕೆಲಸ ಅಷ್ಟೂ ಸಮಯ ತಿನ್ನುತ್ತದೆ. ಬಫರ್, ಅಂದರೆ ಹೆಚ್ಚುವರಿ ದಿನ, ಬೇಕಿದ್ದರೆ ಎಲ್ಲರಿಗೂ ಕಾಣುವ ಹಾಗೆ ಕೊನೆಯಲ್ಲಿ ಒಂದೇ ಕಡೆ ಇಡಿ.

## 7. ಯಾವುದರ ಹಿಂದೆ ಯಾವುದು: ಕ್ರಿಟಿಕಲ್ ಪಾತ್

ಕಿರು ಕೋರ್ಸ್‌ಗಳಲ್ಲಿ ಹೆಚ್ಚು ಜನ ಬಿಟ್ಟು ಮುಂದೆ ಹೋಗುವ ಪಾಠ ಇದು, ಲೆಕ್ಕ ಇದೆ ಅನ್ನುವ ಕಾರಣಕ್ಕೆ. ಕೂಡುವುದು ಕಳೆಯುವುದು ಬಿಟ್ಟರೆ ಇದರಲ್ಲಿ ಬೇರೆ ಲೆಕ್ಕವೇ ಇಲ್ಲ. ದಯವಿಟ್ಟು ಇದನ್ನು ಬಿಡಬೇಡಿ.

ನಮ್ಮ ಫೈಲ್ ಕೆಲಸದಲ್ಲಿ ಆರು ತುಂಡುಗಳಿವೆ ಅಂತ ಇಟ್ಟುಕೊಳ್ಳೋಣ.

- ಫೈಲ್ ವಿಂಗಡಿಸುವುದು: 4 ದಿನ
- ಫೈಲ್‌ಗಳಿಗೆ ಹೆಸರಿಡುವ ಪದ್ಧತಿ ತೀರ್ಮಾನಿಸುವುದು: 2 ದಿನ
- ಸ್ಕ್ಯಾನ್: 10 ದಿನ (ಮೇಲಿನ ಎರಡೂ ಮುಗಿದಿರಬೇಕು)
- ಫೋಲ್ಡರ್ ಮಾಡಿ, ಯಾರಿಗೆ ಏನು ಕಾಣಬೇಕು ಅಂತ ಸೆಟ್ ಮಾಡುವುದು: 3 ದಿನ (ಹೆಸರಿಡುವ ಪದ್ಧತಿ ತೀರ್ಮಾನ ಆಗಿರಬೇಕು)
- ತಪಾಸಣೆ ಮತ್ತು ಅಪ್‌ಲೋಡ್: 4 ದಿನ (ಸ್ಕ್ಯಾನ್, ಫೋಲ್ಡರ್ ಎರಡೂ ಮುಗಿದಿರಬೇಕು)
- ಬಳಸುವವರಿಗೆ ತರಬೇತಿ: 1 ದಿನ (ತಪಾಸಣೆ ಮತ್ತು ಅಪ್‌ಲೋಡ್ ಮುಗಿದಿರಬೇಕು)

ಈಗ ಶುರುವಿನಿಂದ ಕೊನೆವರೆಗೆ ಎಷ್ಟು ದಾರಿಗಳಿವೆ ನೋಡಿ. ವಿಂಗಡಣೆ, ಸ್ಕ್ಯಾನ್, ತಪಾಸಣೆ, ತರಬೇತಿ: 4 + 10 + 4 + 1 = 19 ದಿನ. ಹೆಸರಿಡುವುದು, ಸ್ಕ್ಯಾನ್, ತಪಾಸಣೆ, ತರಬೇತಿ: 17 ದಿನ. ಹೆಸರಿಡುವುದು, ಫೋಲ್ಡರ್, ತಪಾಸಣೆ, ತರಬೇತಿ: 10 ದಿನ. ಎಲ್ಲಕ್ಕಿಂತ ಉದ್ದದ ದಾರಿ 19 ದಿನದ್ದು. ಅದೇ ಕ್ರಿಟಿಕಲ್ ಪಾತ್. ಪ್ರಾಜೆಕ್ಟ್ 19 ದಿನಕ್ಕಿಂತ ಮೊದಲು ಮುಗಿಯುವುದಿಲ್ಲ.

ಇದರಿಂದ ಏನು ಲಾಭ? ವಿಂಗಡಣೆ ಒಂದು ದಿನ ತಡವಾದರೆ ಇಡೀ ಪ್ರಾಜೆಕ್ಟ್ ಒಂದು ದಿನ ತಡ. ಹೆಸರಿಡುವ ತೀರ್ಮಾನ ಎರಡು ದಿನ ತಡವಾದರೂ ಕೊನೆ ದಿನಾಂಕಕ್ಕೆ ಏನೂ ಆಗುವುದಿಲ್ಲ. ಫೋಲ್ಡರ್ ಕೆಲಸಕ್ಕಂತೂ ಒಂಬತ್ತು ದಿನ ಬಿಡುವು ಇದೆ. ಹಾಗಾದರೆ ಫೋಲ್ಡರ್ ಮಾಡುವವರನ್ನು ಮೊದಲ ವಾರ ಬೆನ್ನು ಹತ್ತುವುದು ಬೇಡ. ಅವರು ಬಂದು ವಿಂಗಡಣೆಗೆ ಕೈ ಹಾಕಿದರೆ 19 ದಿನವೇ ಕಡಿಮೆ ಆಗಬಹುದು. ಇಂಥ ತೀರ್ಮಾನಗಳನ್ನು ತೆಗೆದುಕೊಳ್ಳುವುದಕ್ಕೇ ಈ ಲೆಕ್ಕ ಇರುವುದು.

ಗ್ಯಾಂಟ್ ಚಾರ್ಟ್ ಇದಾದ ಮೇಲೆ ಬರಬೇಕು. ಕೊಂಡಿಗಳನ್ನು ಹಾಕದೆ ಬರೀ ದಿನಾಂಕ ತುಂಬಿ ಬಾರ್ ಎಳೆದರೆ, ಒಂದು ಕೆಲಸ ತಡವಾದಾಗ ಉಳಿದ ಬಾರ್‌ಗಳು ಅಲ್ಲಾಡುವುದೇ ಇಲ್ಲ, ಚಾರ್ಟ್ ಎಲ್ಲ ಸರಿ ಇದೆ ಅಂತಲೇ ತೋರಿಸುತ್ತಿರುತ್ತದೆ. ನಿಮ್ಮ ಚಾರ್ಟ್‌ನಲ್ಲಿ ಒಂದು ಕೆಲಸವನ್ನು ಸುಮ್ನೆ ಮೂರು ದಿನ ಮುಂದೆ ತಳ್ಳಿ ನೋಡಿ. ಅದು ಮುಗಿಯಲಿ ಅಂತ ಕಾಯುವ ಕೆಲಸಗಳೂ ಸರಿದರೆ ಸರಿ ಇದೆ.

## 8. ರಿಸ್ಕ್ ಪಟ್ಟಿ ಬರೆಯಿರಿ

ಒಂದು ಸ್ಪ್ರೆಡ್‌ಶೀಟ್, ಐದು ಕಾಲಂ: ಏನಾಗಬಹುದು, ಆಗುವ ಸಾಧ್ಯತೆ 1ರಿಂದ 5, ಆದರೆ ಹೊಡೆತ 1ರಿಂದ 5, ಎರಡನ್ನೂ ಗುಣಿಸಿದ ಅಂಕ, ಮತ್ತು ಯಾರು ಏನು ಮಾಡುತ್ತಾರೆ. ಅಂಕ ಜಾಸ್ತಿ ಇರುವ ಮೂರು ನಾಲ್ಕಕ್ಕೆ ಮಾತ್ರ ತಲೆ ಕೊಡಿ.

'ಸ್ಕ್ಯಾನರ್ ಕೆಡಬಹುದು' ಅನ್ನುವುದಕ್ಕೆ ಸಾಧ್ಯತೆ 2, ಹೊಡೆತ 5, ಅಂಕ 10. ಉಪಾಯ ಏನು? 'ಎಚ್ಚರ ವಹಿಸುವುದು' ಅಂತ ಬರೆದರೆ ಅದು ಉಪಾಯ ಅಲ್ಲ. 'ಪಕ್ಕದ ವಿಭಾಗದ ಸ್ಕ್ಯಾನರ್ ಬಳಸಲು ಮೊದಲ ವಾರವೇ ಒಪ್ಪಿಗೆ ಪಡೆಯುವುದು' ಅಂತ ಬರೆದರೆ ಉಪಾಯ. ಅದಕ್ಕೆ ಒಬ್ಬರ ಹೆಸರು, ಒಂದು ದಿನಾಂಕ ಇರಲಿ, ಮತ್ತು ಅದು ವೇಳಾಪಟ್ಟಿಯಲ್ಲೂ ಒಂದು ಕೆಲಸವಾಗಿ ಕಾಣಲಿ. ಪಟ್ಟಿಯನ್ನು ಪ್ರತಿ ವಾರ ತೆಗೆದು ನೋಡಿ.

## 9. ಈಗ ನಡೆಸಿ: ವಾರಕ್ಕೊಂದು ಅಳತೆ, ಐದು ಸಾಲಿನ ವರದಿ

ಇಲ್ಲಿವರೆಗಿನದು ಕಾಗದ. ಕೋರ್ಸ್‌ಗಳು ಸಾಮಾನ್ಯವಾಗಿ ಕಾಗದದ ಮೇಲೆ ಜಾಸ್ತಿ ಹೊತ್ತು ಕಳೆಯುತ್ತವೆ, ನಡೆಸುವುದರ ಮೇಲೆ ಕಡಿಮೆ. ಆದರೆ ನೀವು ಕಲಿಯುವುದು ಇಲ್ಲೇ, ಆದ್ದರಿಂದ ಅವಸರ ಬೇಡ.

ಮೊದಲನೆಯದು ಅಳತೆ. 'ಎಷ್ಟು ಆಯ್ತು?' ಅಂತ ಕೇಳಿದರೆ 'ತೊಂಬತ್ತು ಪರ್ಸೆಂಟ್' ಅನ್ನುವ ಉತ್ತರ ಬರುತ್ತದೆ. ಮುಂದಿನ ವಾರವೂ ತೊಂಬತ್ತೇ. ಅದಕ್ಕೆ ಪರ್ಸೆಂಟ್ ಕೇಳಬೇಡಿ, ಎಣಿಸುವ ವಸ್ತು ಕೇಳಿ. ಎಷ್ಟು ಫೈಲ್ ಸ್ಕ್ಯಾನ್ ಆಗಿದೆ?

10 ದಿನಕ್ಕೆ 600 ಫೈಲ್ ಅಂದರೆ ದಿನಕ್ಕೆ 60. ಐದು ದಿನ ಕಳೆದಾಗ 300 ಆಗಿರಬೇಕಿತ್ತು, 240 ಆಗಿದೆ. 240ನ್ನು 300ರಿಂದ ಭಾಗಿಸಿದರೆ 0.8. ಇದೇ ಕೋರ್ಸ್‌ನಲ್ಲಿ ಎಸ್‌ಪಿಐ (ವೇಳಾಪಟ್ಟಿಯ ಅಳತೆ) ಅಂತ ಬರುವ ಅಂಕಿ. ಒಂದಕ್ಕಿಂತ ಕಡಿಮೆ ಇದ್ದರೆ ಹಿಂದೆ ಬಿದ್ದಿದ್ದೀರಿ. ಇನ್ನು ಖರ್ಚಾದ ಶ್ರಮ ನೋಡಿ. ದಿನಕ್ಕೆ 8 ಗಂಟೆಯ ಲೆಕ್ಕದಲ್ಲಿ 240 ಫೈಲ್‌ಗೆ 32 ಗಂಟೆ ಸಾಕಾಗಬೇಕಿತ್ತು. ನಿಜವಾಗಿ ಆದದ್ದು 48 ಗಂಟೆ, ಯಾಕಂದರೆ ಸಂಜೆ ಹೆಚ್ಚುವರಿ ಕೂತಿದ್ದಾರೆ. 32ನ್ನು 48ರಿಂದ ಭಾಗಿಸಿದರೆ ಸುಮಾರು 0.67. ಇದು ಸಿಪಿಐ (ಖರ್ಚಿನ ಅಳತೆ). ಅಂದರೆ ಜನ ಹೆಚ್ಚು ಹೊತ್ತು ದುಡಿದರೂ ಕೆಲಸ ಹಿಂದೆ ಬಿದ್ದಿದೆ. ಇನ್ನಷ್ಟು ಹೊತ್ತು ಕೂರಿಸುವುದು ಇದಕ್ಕೆ ಪರಿಹಾರ ಅಲ್ಲ, ಅಂದಾಜೇ ತಪ್ಪಿದೆ ಅಥವಾ ಎಲ್ಲೋ ಅಡಚಣೆ ಇದೆ. ಇದೇ ವೇಗದಲ್ಲಿ ಹೋದರೆ ದಿನಕ್ಕೆ 48 ಫೈಲ್, 600ಕ್ಕೆ 12.5 ದಿನ. ಸ್ಕ್ಯಾನ್ ಕ್ರಿಟಿಕಲ್ ಪಾತ್ ಮೇಲೇ ಇರುವುದರಿಂದ ಇಡೀ ಪ್ರಾಜೆಕ್ಟ್ ಎರಡೂವರೆ ದಿನ ತಡ. ಇದು ನಿಮಗೆ ಐದನೇ ದಿನವೇ ಗೊತ್ತಾಗಿದೆ. ಹತ್ತನೇ ದಿನ ಗೊತ್ತಾಗಿದ್ದರೆ ಮಾಡುವುದಕ್ಕೆ ಏನೂ ಉಳಿದಿರುತ್ತಿರಲಿಲ್ಲ.

ಎರಡನೆಯದು ವರದಿ. ವಾರಕ್ಕೊಮ್ಮೆ, ಐದು ಸಾಲು:

- ಈ ವಾರ ಮುಗಿದದ್ದು: 240 ಫೈಲ್ ಸ್ಕ್ಯಾನ್.
- ಮುಗಿಯಬೇಕಿದ್ದು, ಮುಗಿಯದ್ದು: 60 ಫೈಲ್. ಕಾರಣ, ಹಳೇ ಹಾಳೆಗಳು ಸ್ಕ್ಯಾನರ್‌ನಲ್ಲಿ ಸಿಕ್ಕಿಹಾಕಿಕೊಳ್ಳುತ್ತಿವೆ, ಒಂದೊಂದಾಗಿ ಇಡಬೇಕಾಗಿದೆ.
- ಕೊನೆ ದಿನಾಂಕಕ್ಕೆ ಪರಿಣಾಮ: ಹೀಗೇ ಹೋದರೆ ಎರಡೂವರೆ ದಿನ ತಡ.
- ನಾವು ಮಾಡುತ್ತಿರುವುದು: ಹಾಳಾದ ಹಾಳೆಗಳ ಫೈಲ್‌ಗಳನ್ನು ಬೇರೆ ಇಡುತ್ತಿದ್ದೇವೆ, ಒಪ್ಪಿಗೆ ಸಿಕ್ಕ ಕೂಡಲೇ ಪಕ್ಕದ ವಿಭಾಗದ ಎರಡನೇ ಸ್ಕ್ಯಾನರ್‌ಗೆ ಕೊಡುತ್ತೇವೆ.
- ನಿಮ್ಮಿಂದ ಬೇಕಾದದ್ದು: ಎರಡನೇ ಸ್ಕ್ಯಾನರ್ ಬಳಕೆಗೆ ಬುಧವಾರದೊಳಗೆ ಒಪ್ಪಿಗೆ.

ಕೊನೇ ಸಾಲು ಇಲ್ಲದ ವರದಿಯನ್ನು ಜನ ಓದಿ ಬಿಟ್ಟುಬಿಡುತ್ತಾರೆ. ಏನೂ ಬೇಡದ ವಾರ 'ಏನೂ ಬೇಡ' ಅಂತಲೇ ಬರೆಯಿರಿ. ಕೆಟ್ಟ ಸುದ್ದಿಯನ್ನು ಎರಡನೇ ಸಾಲಿನಲ್ಲೇ ಹೇಳಿಬಿಡಿ, ಕೆಳಗೆ ಅಡಗಿಸಬೇಡಿ.

ಮೂರನೆಯದು ಬದಲಾವಣೆ. ಮಧ್ಯದಲ್ಲಿ ಯಾರೋ ಬಂದು, 'ಹೇಗೂ ಮಾಡ್ತಿದ್ದೀರಲ್ಲ, ಈ ಫೋಟೊಗಳನ್ನೂ ಸ್ಕ್ಯಾನ್ ಮಾಡಿಬಿಡಿ' ಅನ್ನುತ್ತಾರೆ. ಕೂಡಲೇ ಆಗಲಿ ಅನ್ನಬೇಡಿ, ಆಗಲ್ಲ ಅಂತಲೂ ಅನ್ನಬೇಡಿ. ಲೆಕ್ಕ ಹಾಕಿ ಹೇಳಿ: 'ಮಾಡಬಹುದು. ಮೂರು ದಿನ ಜಾಸ್ತಿ ಆಗುತ್ತದೆ. ಕೊನೆ ದಿನಾಂಕ ಮುಂದೆ ಹೋಗಲಾ, ಅಥವಾ ಬೇರೆ ಯಾವುದಾದರೂ ಬಿಡಲಾ?' ತೀರ್ಮಾನ ಒಪ್ಪಿಗೆ ಕೊಡುವವರದ್ದು, ಅದನ್ನು ಬರಹದಲ್ಲಿ ಪಡೆಯುವ ಕೆಲಸ ನಿಮ್ಮದು. ಚಿಕ್ಕ ಚಿಕ್ಕ 'ಆಯ್ತು'ಗಳು ಸೇರಿ ಪ್ರಾಜೆಕ್ಟ್ ಮುಳುಗುತ್ತದೆ.

ತಡವಾದಾಗ ಹೆಚ್ಚು ಜನರನ್ನು ಹಾಕೋಣ ಅನ್ನುವ ಸಲಹೆಯೂ ಬರುತ್ತದೆ. ನಾಲ್ಕು ಜನ ಇದ್ದಾಗ ಮಾತುಕತೆಯ ದಾರಿಗಳು (ಇಬ್ಬಿಬ್ಬರ ಜೋಡಿಗಳು) 6, ಎಂಟು ಜನ ಆದರೆ 28. ಹೊಸಬರಿಗೆ ಹೇಳಿಕೊಡಲು ಹಳಬರ ಸಮಯವೇ ಹೋಗುತ್ತದೆ. ಕೊನೆಯ ವಾರದಲ್ಲಂತೂ ಈ ಸಲಹೆ ಒಪ್ಪಬೇಡಿ.

## 10. ಸ್ಕ್ರಮ್, ಕಾನ್‌ಬಾನ್ ಎಲ್ಲಿ ಬರುತ್ತವೆ

ಕೋರ್ಸ್‌ನಲ್ಲಿ ಇವು ಬಂದಾಗ ಹಿಂದಿನದೆಲ್ಲ ಹಳೆಯದು, ಇದೇ ಹೊಸದು ಅನ್ನಿಸಬಹುದು. ಹಾಗೇನಿಲ್ಲ. ಕೊನೆಗೆ ಏನು ಬೇಕು ಅಂತ ಮೊದಲೇ ಗೊತ್ತಿದ್ದರೆ ಮೇಲಿನ ದಾರಿ ಸಾಕು. ಮಾಡುತ್ತಾ ಮಾಡುತ್ತಾ ಗೊತ್ತಾಗುವಂಥ ಕೆಲಸ ಆದರೆ, ಹೊಸ ಆ್ಯಪ್ ಮಾಡುವ ಹಾಗೆ, ಸ್ಕ್ರಮ್ ಒಳ್ಳೆಯದು. ಅದರಲ್ಲಿ ಒಂದು ಸ್ಪ್ರಿಂಟ್, ಅಂದರೆ ಕೆಲಸದ ಒಂದು ಸುತ್ತು, ಒಂದು ತಿಂಗಳು ಮೀರುವಂತಿಲ್ಲ, ದಿನದ ಭೇಟಿ 15 ನಿಮಿಷ ಮೀರುವಂತಿಲ್ಲ.

ನಿಮ್ಮ ಮೊದಲ ಪ್ರಾಜೆಕ್ಟ್‌ಗೆ ಕಾನ್‌ಬಾನ್ ಬೋರ್ಡ್ ಒಂದನ್ನು ಎತ್ತಿಕೊಳ್ಳಿ: ಮಾಡಬೇಕಾದದ್ದು, ನಡೆಯುತ್ತಿರುವುದು, ಮುಗಿದದ್ದು. 'ನಡೆಯುತ್ತಿರುವುದು' ಕಾಲಂನಲ್ಲಿ ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಚೀಟಿ ಇರಬಾರದು ಅಂತ ಮಿತಿ ಹಾಕಿ. ಆ ಮಿತಿ ಇಲ್ಲದಿದ್ದರೆ ಅದು ಬರೀ ಪಟ್ಟಿ.

## 11. ಮುಗಿಸುವುದನ್ನು ಮುಗಿಸಿ

ಕೆಲಸ ಆದ ದಿನ ಚಾರ್ಟರ್ ತೆಗೆದು ಒಪ್ಪಿಗೆ ಕೊಡುವವರ ಎದುರು ಪರೀಕ್ಷೆ ಮಾಡಿ. ಯಾವುದಾದರೂ ಹತ್ತು ಫೈಲ್ ಅವರೇ ಕೇಳಲಿ, ಎರಡು ನಿಮಿಷದಲ್ಲಿ ಸಿಗುತ್ತಾ ನೋಡಿ. ಸಿಕ್ಕರೆ 'ಮುಗಿದಿದೆ' ಅಂತ ಬರಹದಲ್ಲಿ ಪಡೆಯಿರಿ. ಇದು ಇಲ್ಲದೆ ಪ್ರಾಜೆಕ್ಟ್ ತಿಂಗಳುಗಟ್ಟಲೆ 'ಇನ್ನೊಂದು ಚಿಕ್ಕ ಕೆಲಸ' ಅಂತ ಎಳೆಯುತ್ತದೆ.

ಆಮೇಲೆ ಎಲ್ಲರೂ ಒಂದು ಗಂಟೆ ಕೂತು ಮೂರು ವಿಷಯ ಮಾತಾಡಿ: ಯಾವುದು ಚೆನ್ನಾಗಿ ನಡೆಯಿತು, ಎಲ್ಲಿ ಸಿಕ್ಕಿಬಿದ್ದೆವು, ಮುಂದಿನ ಸಲ ಯಾವ ಒಂದನ್ನು ಬದಲಾಯಿಸುತ್ತೇವೆ. ಯಾರ ತಪ್ಪು ಅನ್ನುವ ಮಾತು ಬಂದರೆ ಅಲ್ಲೇ ನಿಲ್ಲಿಸಿ, ಇಲ್ಲದಿದ್ದರೆ ಮುಂದೆ ಯಾರೂ ನಿಜ ಹೇಳುವುದಿಲ್ಲ.

ಒಂದು ಶೀಟ್‌ನಲ್ಲಿ ಪ್ರತಿ ಕೆಲಸದ ಅಂದಾಜು ದಿನ, ನಿಜವಾಗಿ ಹಿಡಿದ ದಿನ ಎರಡನ್ನೂ ಅಕ್ಕಪಕ್ಕ ಬರೆದಿಡಿ. ಎರಡನೇ ಪ್ರಾಜೆಕ್ಟ್‌ನಲ್ಲಿ ಅಂದಾಜು ಹಾಕುವಾಗ ಇದಕ್ಕಿಂತ ಒಳ್ಳೆ ಆಧಾರ ಸಿಗುವುದಿಲ್ಲ.

## 12. ಸರ್ಟಿಫಿಕೇಟ್ ವಿಚಾರ

ಕೋರ್ಸ್ ಮುಗಿಸಿದ್ದಕ್ಕೆ ಸಿಗುವ ಕಾಗದ ಬೇರೆ, ಪಿಎಂಐ (ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್) ಸಂಸ್ಥೆ ಪರೀಕ್ಷೆ ಇಟ್ಟು ಕೊಡುವ ಸಿಎಪಿಎಂ (ಹೊಸಬರಿಗೆ) ಅಥವಾ ಪಿಎಂಪಿ (ಅನುಭವಿಗಳಿಗೆ) ಬೇರೆ. ಸಿಎಪಿಎಂ ಪರೀಕ್ಷೆಗೆ ಕೂರಲು 23 ಗಂಟೆಗಳ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಪಾಠ ಆಗಿರಬೇಕು. ಪಿಎಂಪಿಗೆ 35 ಗಂಟೆಗಳ ಪಾಠ, ಅದರ ಮೇಲೆ ಪ್ರಾಜೆಕ್ಟ್ ನಡೆಸಿದ ವರ್ಷಗಟ್ಟಲೆ ಅನುಭವ. ಕಿರು ಕೋರ್ಸ್ ಈ ಗಂಟೆಗಳನ್ನು ತುಂಬಲು ನೆರವಾಗಬಹುದು, ಆದರೆ ಎಷ್ಟು ಗಂಟೆ ಅನ್ನುವುದು ಆ ಕಾಗದದ ಮೇಲೆ ಬರೆದಿರಬೇಕು. ಮುಂದೆ ಪರೀಕ್ಷೆ ಬರೆಯುವ ಯೋಚನೆ ಇದ್ದರೆ ಸೇರುವ ಮೊದಲೇ ಇದನ್ನು ಕೇಳಿಕೊಳ್ಳಿ, ಷರತ್ತುಗಳನ್ನು ಪಿಎಂಐನದೇ ತಾಣದಲ್ಲಿ ಓದಿಕೊಳ್ಳಿ.

ಕೆಲಸದ ಸಂದರ್ಶನಕ್ಕೆ ಹೋಗುವಾಗ ಸರ್ಟಿಫಿಕೇಟ್ ಜೊತೆಗೆ ನಿಮ್ಮ ಚಾರ್ಟರ್, ಕ್ರಿಟಿಕಲ್ ಪಾತ್ ಲೆಕ್ಕ, ಒಂದು ವಾರದ ವರದಿ, ಅಂದಾಜು ಮತ್ತು ನಿಜದ ಶೀಟ್ ಇಷ್ಟನ್ನು ಒಂದು ಫೋಲ್ಡರ್‌ನಲ್ಲಿ ಇಟ್ಟುಕೊಳ್ಳಿ. ಜನರ ಹೆಸರು, ಸಂಸ್ಥೆಯ ಒಳಗಿನ ವಿವರ ಎಲ್ಲ ಅಳಿಸಿರಬೇಕು, ಬಳಸುವುದಕ್ಕೆ ಅನುಮತಿಯೂ ಪಡೆದಿರಬೇಕು. ಕೆಟ್ಟ ವಾರದ ವರದಿಯನ್ನೇ ಆರಿಸಿ. 240 ಫೈಲ್ ಆದ ಆ ವಾರ ನೀವು ಏನು ಲೆಕ್ಕ ಹಾಕಿದಿರಿ, ಯಾರನ್ನು ಏನು ಕೇಳಿದಿರಿ ಅನ್ನುವುದರ ಸುತ್ತಲೇ ಪ್ರಶ್ನೆಗಳು ಬರುತ್ತವೆ, ಮತ್ತು ಅವಕ್ಕೆ ಉತ್ತರ ನಿಮ್ಮ ಹತ್ತಿರ ಇರುತ್ತದೆ.